ಎರಡನೆಯ ಸುತ್ತು

ಇಲಿಂಕಾ ಸುತ್ತಿಗೆ ಎತ್ತಿ ಹೊಡೆದಳು. ಅಕ್ರೋಟು ಒಡೆಯುವ ಬದಲು ಜಾರಿ ಒಲೆಯ ಕೆಳಗೆ ಓಡಿತು.

"ಬೆರಳು ಇದೆ ತಾನೆ?" ಎಂದಳು ರಾಲುಕಾ, ಸಾವಿನ ಮನೆಯಲ್ಲಿ ಹಂಚುವ ಬೆಂದ ಗೋಧಿಗೆ ಸಕ್ಕರೆ ಕಲಸುತ್ತಿದ್ದ ಕೈ ನಿಲ್ಲಿಸದೆ. "ಸುತ್ತಿಗೆ ಹಿಡಿಯೋದನ್ನೂ ನಾನೇ ಕಲಿಸ್ಬೇಕಾ ಅಂತ ಬೈತಿದ್ರು ವೆತಮ್ಮ, ಇದ್ದಿದ್ರೆ."

ವೆತಮ್ಮ ಪಕ್ಕದ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದರು. ಬ್ರಾಯಿಲಾ ಊರಿನ ಆಸರೆಮನೆಯಲ್ಲಿ, ದಿಕ್ಕಿಲ್ಲದೆ ಬಂದ ಹುಡುಗಿಯರಿಗೆ ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಸುವುದು ಅವರ ಕೆಲಸವಾಗಿತ್ತು. ಸೂಪು ಕುದಿಸುವುದು, ಕರೆಂಟ್ ಬಿಲ್ಲು ಓದುವುದು, ಮನೆ ಮಾಲೀಕರ ಮುಂದೆ ತಲೆ ತಗ್ಗಿಸದೆ ಮಾತಾಡುವುದು. ಅವರ ಕೈಯಲ್ಲಿ ಪಳಗಿದ ರಾಲುಕಾ ಈಗ ಬ್ರೆಡ್ ಅಂಗಡಿಯಲ್ಲಿ ದುಡಿಯುತ್ತಾಳೆ, ಬೇರೆ ಮನೆ ಮಾಡಿಕೊಂಡಿದ್ದಾಳೆ. ಇವತ್ತು ಇಲಿಂಕಾಳ ಸರದಿ. ಬಂದರಿನ ಹತ್ತಿರ ಅವಳಿಗೊಂದು ಕೋಣೆ ಗೊತ್ತಾಗಿತ್ತು. ಸಂಜೆಯೊಳಗೆ ಹೋಗಿ ಬೀಗದಕೈ ಇಸಿದುಕೊಳ್ಳದಿದ್ದರೆ ಮನೆಯೊಡತಿ ಅದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾಳೆ. ಮೊದಲ ಸಂಜೆ ಜೊತೆಗೆ ಬರುವುದಾಗಿ ವೆತಮ್ಮ ಮಾತು ಕೊಟ್ಟಿದ್ದರು.

ಹೋಗುವುದೇ ಬೇಡವೆಂದು ಇಲಿಂಕಾ ಬೆಳಿಗ್ಗೆ ವೆತಮ್ಮನ ಈ ಮನೆಯ ಹೊಸಿಲು ದಾಟುವಾಗಲೇ ಗಟ್ಟಿ ಮಾಡಿಕೊಂಡಿದ್ದಳು. ಬಾಗಿಲ ಚೌಕಟ್ಟು ಸೀಳಿತ್ತು. ಬೀಗವಿದ್ದ ಕಡೆ ತೂತು ಬಿದ್ದಿತ್ತು.

"ಬೀಗ ಒಂದೇ ಸುತ್ತು ಹಾಕಿದ್ದಿದ್ರೆ ಭುಜ ಕೊಟ್ಟು ತಳ್ಳಬಹುದಿತ್ತು," ಎಂದು ಪಕ್ಕದ ಮನೆಯ ಝಂಫಿರಾ ಬಂದವರಿಗೆಲ್ಲ ಹೇಳುತ್ತಿದ್ದಳು. "ಎರಡು ಸುತ್ತು ಹಾಕಿದ್ಲು! ಕೊಡಲಿ ತರಿಸ್ಬೇಕಾಯ್ತು. ಗುರುವಾರ ಬಿದ್ದಿದಾಳೆ, ನಾವು ಒಳಗೆ ಬಂದಿದ್ದು ಶನಿವಾರ. ಗೋಡೆ ಈಚೆ ನಾನು ಟೀವಿ ಹಾಕ್ಕೊಂಡು ಕೂತಿದ್ದೆ, ಪಾಪಿ."

"ಕೂಗಿರಬಹುದಾ?" ಇಲಿಂಕಾ ಕೇಳಿದಳು.

"ಅವಳಾ? ಇಷ್ಟು ವರ್ಷದಲ್ಲಿ ಒಂದು ಹಿಡಿ ಉಪ್ಪು ಕೇಳಿದವಳಲ್ಲ. ದಿನಾ ಸಂಜೆ ಬಾಗಿಲು ಹಾಕೋಳು, ಬೀಗ ಎರಡು ಸಲ ಕಟಕ್ ಅನ್ನೋದು. ಆಮೇಲೆ ಸದ್ದೇ ಇಲ್ಲ."

ರಾಲುಕಾ ಅಡುಗೆಮನೆಯ ಸುತ್ತ ಕಣ್ಣಾಡಿಸಿದಳು. ಮೇಜಿನ ಬಳಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಕೂರಲು ಯಾರಿಗೂ ಮನಸ್ಸಾಗಿರಲಿಲ್ಲ. ಹೆಂಗಸರೆಲ್ಲ ನಿಂತೇ ಕೆಲಸ ಮಾಡುತ್ತಿದ್ದರು.

"ನೋಡು," ಎಂದಳು ಮೆಲ್ಲಗೆ. "ನನ್ನ ಹತ್ರ ಜಗಳ ಆಡಿ ನನ್ನ ಮನೆಗೆ ಎರಡು ಕುರ್ಚಿ ತರಿಸಿದ್ರು. ಒಂದೇ ಕುರ್ಚಿ ಇದ್ರೆ ಅದು ಮನೆಯಲ್ಲ ಕಣೇ, ಬಸ್‌ಸ್ಟ್ಯಾಂಡು ಅಂದಿದ್ರು."

ಆ ಮಾತಿಗೆ ನಗು ಬರಬೇಕಿತ್ತು. ಇಬ್ಬರ ಕಣ್ಣೂ ತುಂಬಿ ಬಂತು.

* * *

ಆಸರೆಮನೆಯಲ್ಲಿ ಹಾಸಿಗೆ ಬಟ್ಟೆ ಇಡುವ ಸಣ್ಣ ಕೋಣೆಯೊಂದಿತ್ತು. ಸಾಲುಮಂಚಗಳ ಅನಾಥಾಲಯದಲ್ಲಿ ಬೆಳೆದು, ಆಮೇಲೆ ರೈಲು ನಿಲ್ದಾಣದ ಗುಂಪಿನಲ್ಲಿ ಮಲಗಿದ ಇಲಿಂಕಾಗೆ ಒಬ್ಬಳೇ ಇದ್ದು ಗೊತ್ತಿರಲಿಲ್ಲ. ಅದನ್ನೂ ಕಲಿಯಬೇಕು ಎಂದು ವೆತಮ್ಮ ಒಂದು ದಿನ ಅವಳನ್ನು ಆ ಕೋಣೆಗೆ ಕಳಿಸಿದ್ದರು.

"ಒಳಗಿಂದ ಬೀಗ ಹಾಕ್ಕೋ. ಎರಡು ಸುತ್ತು. ನನಗೆ ಕೇಳಿಸ್ಬೇಕು."

"ನೀವೆಲ್ಲಿರ್ತೀರಿ?"

"ಇಲ್ಲೇ, ಬಾಗಿಲಾಚೆ."

ಅವಳು ಒಂದೇ ಸುತ್ತು ತಿರುಗಿಸಿದಳು. "ವೆತಮ್ಮ, ಇದ್ದೀರಾ?" ಎಂದು ಕೂಗಿದಳು. ಆಚೆಯಿಂದ ಮೊದಲು ಸಿಗರೇಟಿನ ಕೆಮ್ಮು ಬಂತು, ಆಮೇಲೆ ಉತ್ತರ. "ಇದ್ದೀನಿ. ಇನ್ನೊಂದು ಸುತ್ತು ಕೇಳಿಸ್ಲಿಲ್ಲ."

ದಿನವೂ ಅದೇ ಪಾಠ ನಡೆಯಿತು. ಬರಬರುತ್ತ ಇಲಿಂಕಾ ಕೂಗುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಮಡಿಸುತ್ತ ಕೂಗುವುದನ್ನೇ ಮರೆತಳು. ನೆನಪಾಗಿ ಕೂಗಿದಾಗ ಉತ್ತರ ಬರಲಿಲ್ಲ. ಬಾಗಿಲು ತೆಗೆದು ಓಡಿ ಬಂದರೆ, ವೆತಮ್ಮ ಕೆಳಗೆ ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದರು.

"ಮೋಸ ಮಾಡಿದ್ರಿ ನೀವು!"

"ಹೌದು. ನೀನು ಬೀಗ ಹಾಕಿದ್ದೇ ತಡ, ನಾನು ಇಳಿದು ಬಂದೆ. ಇಷ್ಟು ಹೊತ್ತೂ ನೀನು ಒಬ್ಬಳೇ ಇದ್ದೆ. ಏನಾಯ್ತು, ಪ್ರಾಣ ಹೋಯ್ತಾ?"

ಇಲಿಂಕಾ ಎರಡು ದಿನ ಅವರ ಹತ್ತಿರ ಮಾತು ಬಿಟ್ಟಿದ್ದಳು.

* * *

ಸ್ಮಶಾನದಲ್ಲಿ ಡ್ಯಾನ್ಯೂಬ್ ನದಿಯ ಗಾಳಿ ಜೋರಾಗಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಇನ್ನು ಸತ್ತವರ ಹೆಸರಿನಲ್ಲಿ ದಾನ ಕೊಡಬೇಕು. ಗುಂಡಿಯ ಆಚೆ ನಿಂತು ಕೊಡುವುದು, ಈಚೆ ನಿಂತು ತೆಗೆದುಕೊಳ್ಳುವುದು. ಇಲ್ಲಿ ಏನು ಕೈ ಸೇರುತ್ತದೋ ಅದು ಸತ್ತವರಿಗೆ ಆ ಲೋಕದಲ್ಲಿ ಸಿಗುತ್ತದೆ ಎಂಬ ನಂಬಿಕೆ.

ಕೊಡುವವರು ವೆತಮ್ಮನ ಅಣ್ಣ ಕೊಸ್ತಾಕೆ. ದೂರದ ಊರಿಂದ ಬಂದ ಮುದುಕ. ತಂಗಿಯ ಮನೆ ಯಾವ ಬೀದಿಯಲ್ಲಿದೆ ಎಂಬುದನ್ನೂ ಬೆಳಿಗ್ಗೆ ಕೇಳಿಕೊಂಡು ಬಂದಿದ್ದರು. ಝಂಫಿರಾಗೆ ಟವೆಲ್ಲು ಕೊಟ್ಟರು. ರಾಲುಕಾಗೆ ಮೇಣದಬತ್ತಿ ನಿಲ್ಲಿಸಿದ ಬಟ್ಟಲು ಕೊಟ್ಟರು. ಆಮೇಲೆ ಅಡುಗೆಮನೆಯಿಂದ ತಂದಿದ್ದ ಆ ಒಂಟಿ ಕುರ್ಚಿಯನ್ನು ಎತ್ತಿದರು.

"ಬಾ ಮಗಳೇ, ನೀನು."

ಇಲಿಂಕಾ ಹಿಂದೆ ಸರಿದಳು. "ನಂಗೆ ಬೇಡ ತಾತ. ಇಡೋಕೆ ಜಾಗ ಇಲ್ಲ."

ಜನ ಗುಸುಗುಸು ಅಂದರು. ಝಂಫಿರಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಬೇಡ ಅನ್ನಬಾರ್ದು ಕಣೇ! ನೀನು ತಗೊಳ್ದಿದ್ರೆ ಅವಳು ಅಲ್ಲಿ ನಿಂತೇ ಇರ್ಬೇಕಾಗುತ್ತೆ!"

"ಆಸರೆಮನೇಲಿ ನಮ್ಮದು ಅಂತ ಕುರ್ಚಿ ಇಟ್ಕೊಳ್ಳೋಕೆ ಬಿಡಲ್ಲ..."

"ಆಸರೆಮನೆಗ್ಯಾಕೆ ತಗೊಂಡು ಹೋಗ್ತೀಯ?" ಎಂದಳು ರಾಲುಕಾ. ಇಲಿಂಕಾ ಕೋಣೆಗೆ ಹೋಗುವುದೇ ಬೇಡವೆಂದುಕೊಂಡಿದ್ದು ಅವಳಿಗೆ ಗೊತ್ತಾಗಿತ್ತು. "ನಿನ್ನ ಕೋಣೆ ಇಲ್ವಾ?"

ಸೀಳಿದ ಚೌಕಟ್ಟು ಇಲಿಂಕಾಳ ಕಣ್ಣ ಮುಂದೆಯೇ ಇತ್ತು. ಗುರುವಾರದಿಂದ ಶನಿವಾರದವರೆಗೆ ನೆಲದ ಮೇಲೆ ಬಿದ್ದಿದ್ದು ಒಮ್ಮೆ ವೆತಮ್ಮನಾಗಿ, ಒಮ್ಮೆ ತಾನೇ ಆಗಿ ಕಾಣುತ್ತಿತ್ತು.

ಗುಂಡಿಯ ಮೇಲೆ ಚಾಚಿದ್ದ ಕುರ್ಚಿಯ ಭಾರಕ್ಕೆ ಮುದುಕನ ತೋಳು ಇಳಿಯತೊಡಗಿತು. "ಎಷ್ಟು ಹೊತ್ತು ಹಿಡ್ಕೊಂಡಿರ್ಲಿ, ಮಗಳೇ? ಅವಳು ಬದುಕಿದ್ದಾಗ ನಾನು ಒಂದು ಸಲ ಬಂದು ಕೂರ್ಲಿಲ್ಲ. ಈಗ ಅವಳಾದ್ರೂ ಕೂರ್ಲಿ."

ಇಲಿಂಕಾ ಎರಡೂ ಕೈ ಚಾಚಿದಳು. ಕುರ್ಚಿ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು.

"ದೇವರು ಅವರಿಗೆ ಮುಟ್ಟಿಸಲಿ," ಎಂದಳು.

* * *

ಬಂದರಿನ ಬೀದಿಯಲ್ಲಿ ಇಲಿಂಕಾ, ರಾಲುಕಾ ಇಬ್ಬರೂ ಕುರ್ಚಿಯನ್ನು ಸರದಿಯಲ್ಲಿ ಹೊತ್ತರು. ಕತ್ತಲಾಗುವ ಮುನ್ನ ಮನೆಯೊಡತಿ ಬೀಗದಕೈ ಕೊಟ್ಟಳು. ಕೋಣೆಯಲ್ಲಿ ಮಂಚ, ಒಲೆ, ಮೇಜು, ಒಂದು ಹಳೆಯ ಕುರ್ಚಿ ಇದ್ದವು. ವೆತಮ್ಮನ ಕುರ್ಚಿ ಅದರ ಎದುರಿಗೆ ಬಂತು.

"ಇವತ್ತೊಂದಿನ ಇಲ್ಲೇ ಇರೇ, ರಾಲುಕಾ."

"ಇರಲ್ಲ. ಬೆಳಗಿನ ಜಾವ ಅಂಗಡೀಲಿ ಒಲೆ ಹಚ್ಚಬೇಕು ನಾನು." ರಾಲುಕಾ ಬಾಗಿಲ ಆಚೆ ಹೋಗಿ ನಿಂತಳು. "ಭಾನುವಾರ ಬರ್ತೀನಿ, ಸೂಪು ಮಾಡಿಡು. ಈಗ ಬೀಗ ಹಾಕ್ಕೋ."

ಇಲಿಂಕಾ ಬಾಗಿಲು ಮುಚ್ಚಿ ಒಂದು ಸುತ್ತು ತಿರುಗಿಸಿದಳು. ಕೈ ಅಲ್ಲೇ ನಿಂತಿತು. ಒಂದೇ ಸುತ್ತಾದರೆ ಭುಜ ಕೊಟ್ಟು ತಳ್ಳಬಹುದು. ತಾನು ಬಿದ್ದರೆ ಯಾರಾದರೂ ಒಳಗೆ ಬರಬಹುದು. ಆದರೆ ಹಾಗೆ ಯಾರು ಬೇಕಾದರೂ ಬರಬಹುದು. ರೈಲು ನಿಲ್ದಾಣದಲ್ಲಿ ಹಾಗೆ ಬಂದವರನ್ನು ಅವಳು ಮರೆತಿರಲಿಲ್ಲ.

"ಕೇಳಿಸ್ಲಿಲ್ಲ!" ಆಚೆಯಿಂದ ರಾಲುಕಾ ಗದರಿದಳು.

ಇಲಿಂಕಾ ಎರಡನೆಯ ಸುತ್ತು ತಿರುಗಿಸಿದಳು. ಬೀಗ ಕಟಕ್ಕೆಂದಿತು.

ರಾಲುಕಾಳ ಹೆಜ್ಜೆಗಳು ಮೆಟ್ಟಿಲಿಳಿದು ಹೋದವು. ಕೆಳಗೆ ಬೀದಿ ಬಾಗಿಲು ಬಡಿದುಕೊಂಡಿತು. ಇಲಿಂಕಾ ಹಳೆಯ ಕುರ್ಚಿಯ ಮೇಲೆ ಕೂತು, ಎದುರಿನದನ್ನು ನೋಡುತ್ತ, "ವೆತಮ್ಮ, ಇದ್ದೀರಾ?" ಎಂದಳು.

ಬಾಗಿಲ ಕೆಳಗಿನ ಸಂದಿಯಲ್ಲಿ ಮೆಟ್ಟಿಲ ದೀಪದ ಬೆಳಕು ಗೆರೆಯಾಗಿ ಕಾಣುತ್ತಿತ್ತು. ಹೊತ್ತಾದ ಮೇಲೆ ಅದು ತಾನಾಗಿಯೇ ಆರಿತು. ಈ ಸಲ ಅವಳು ಎದ್ದು ಬಾಗಿಲ ಕಡೆ ಓಡಲಿಲ್ಲ.