ಬರುವ ಬಸ್ಸಿನ ಬಾಗಿಲು

ಒಂದು ಬಸ್ಸು ಬರೆಯಲು ದೀಕ್ಷಿತಾ ಹನ್ನೊಂದು ದಿನ ತೆಗೆದುಕೊಂಡಳು. ಅಷ್ಟು ದಿನದಲ್ಲಿ ನಿಜವಾದ ಬಸ್ಸನ್ನೇ ಬಿಚ್ಚಿ ಜೋಡಿಸಬಹುದಿತ್ತು ಎಂದು ಅವಳ ತಾಯಿ ಪೂವಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಬಸ್ಸು ಕಂಪ್ಯೂಟರಿನ ಪರದೆಯ ಮೇಲೆ ಇದ್ದದ್ದು ಹೆಬ್ಬೆರಳಿನಷ್ಟು ಉದ್ದ, ಮತ್ತು ಅದರ ಒಂದೊಂದು ಚುಕ್ಕಿಯನ್ನೂ ಮಗಳು ಕೈಯಾರೆ ಇಟ್ಟಿದ್ದಳು ಎಂಬುದು ಪೂವಮ್ಮನಿಗೆ ಗೊತ್ತಿರಲಿಲ್ಲ.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಡಿಗ್ರಿ ಮುಗಿಸಿದ ದೀಕ್ಷಿತಾ ಗುರುವಾಯನಕೆರೆಯಿಂದ ದಿನಾ ಮೂಡುಬಿದಿರೆಗೆ ಬಂದು ಬಾಸಿತ್ ಎಂಬವರ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಯುತ್ತಿದ್ದಳು. ಆಫೀಸಿನ ಕೆಲಸ ಕಲಿಯಲಿ ಎಂದು ಅವಳ ಅಪ್ಪ ಸೇರಿಸಿದ್ದು. ಬಾಸಿತ್ ಕ್ಲಾಸು ನಡೆಸುತ್ತಿದ್ದದ್ದೇನೋ ಹೊಟ್ಟೆಪಾಡಿಗೆ, ಅವರ ಜೀವವೆಲ್ಲ ಇದ್ದದ್ದು ಒಳಗಿನ ಕೋಣೆಯಲ್ಲಿ. ಅಲ್ಲಿ ಅವರು ಮೊಬೈಲ್ ಫೋನಿಗೆ ಆಟಗಳನ್ನು ತಯಾರಿಸುತ್ತಿದ್ದರು. ಆಗ ಕೈಯಲ್ಲಿದ್ದದ್ದು ಬಸ್ಸು ಓಡಿಸುವ ಒಂದು ಆಟ. ಒಂದು ಮಧ್ಯಾಹ್ನ ದೀಕ್ಷಿತಾ ಆ ಕೋಣೆಗೆ ಇಣುಕಿದಳು. ಪರದೆಯ ಮೇಲೆ ಒಂದು ಅಂಗಡಿ ಇತ್ತು. ಹೆಂಚಿನ ಮಾಡು, ಎರಡು ಗೋಡೆ, ಜಗಲಿ ಎಲ್ಲವೂ ಓರೆಯಾಗಿ, ಮೇಲಿನಿಂದ ಬಗ್ಗಿ ನೋಡಿದ ಹಾಗೆ ಕಾಣುತ್ತಿತ್ತು. ಅಷ್ಟೇ, ಹುಡುಗಿ ಕೆಟ್ಟಳು! ಮರುದಿನದಿಂದ ಟೈಪಿಂಗ್ ಒಂದು ಗಂಟೆ, ಒಳಗಿನ ಕೋಣೆ ಮೂರು ಗಂಟೆ.

"ಎರಡು ಚುಕ್ಕಿ ಅಡ್ಡ, ಒಂದು ಚುಕ್ಕಿ ಮೇಲೆ. ಪುನಃ ಎರಡು ಅಡ್ಡ, ಒಂದು ಮೇಲೆ," ಎಂದು ಬಾಸಿತ್ ಕಲಿಸಿದರು. "ಈ ಓರೆ ಚಿತ್ರಕ್ಕೆ ಐಸೊಮೆಟ್ರಿಕ್ ಅಂತ ಹೆಸರು, ಇಷ್ಟೇ ಮಂತ್ರ. ಒಂದು ಚುಕ್ಕಿ ತಪ್ಪಿದ್ರೆ ಗೆರೆ ಗರಗಸ ಆಗ್ತದೆ."

ಮೊದಲ ಬಸ್ಸಿನ ಹಿಂಭಾಗವನ್ನು ಅವಳು ಸಣ್ಣದಾಗಿ ಬರೆದಳು. "ದೂರದ್ದು ಸಣ್ಣ ಆಗಬೇಕು ಅಂತ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಹೇಳಿದ್ದಾರಲ್ಲ ಸರ್?"

"ಅದು ಕ್ಯಾಲೆಂಡರಿನ ಚಿತ್ರಕ್ಕೆ ಮಾರಾಯ್ತಿ. ಇಲ್ಲಿ ಬಸ್ಸು ಹತ್ತಿರ ಬಂದ್ರೂ ದೂರ ಹೋದ್ರೂ ಅಷ್ಟೇ ದೊಡ್ಡದು. ಇಲ್ಲದಿದ್ರೆ ಒಂದೇ ಬಸ್ಸನ್ನು ಇಡೀ ರಸ್ತೆಯಲ್ಲಿ ಓಡಿಸುದು ಹೇಗೆ?"

ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಅವಳ ಹಟ ನೋಡಿ ಬಾಸಿತ್ ಒಂದು ದಿನ ಹೇಳಿಯೇಬಿಟ್ಟರು: "ಬಸ್ಸಿನ ಆಟಕ್ಕೆ ಚಿತ್ರ ಬರೆಯುವ ಕೆಲಸ ನಿನಗೇ ಕೊಡ್ತೇನೆ. ಮನೆಯಲ್ಲಿ ಒಪ್ಪಿಗೆ ಕೇಳಿಕೊಂಡು ಬಾ."

ಆ ಒಪ್ಪಿಗೆಯೇ ಕಬ್ಬಿಣದ ಕಡಲೆ. ಅಪ್ಪ ಶೇಷಪ್ಪ ಮೂಡುಬಿದಿರೆಯಿಂದ ವೇಣೂರಿನ ಮೂಲಕ ಗುರುವಾಯನಕೆರೆಗೆ ಹೋಗುವ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವರು. ಕಳೆದ ವರ್ಷ ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದರು. ಅವರು ಊರಿನ ಸಹಕಾರಿ ಸೊಸೈಟಿಯಲ್ಲಿ ಮಗಳಿಗೊಂದು ಕುರ್ಚಿ ಗೊತ್ತುಮಾಡಿದ್ದರು. ಒಂದನೇ ತಾರೀಕಿಗೆ ಅವಳು ಸೇರಬೇಕಿತ್ತು.

"ಆಟ ಆಡುದೇ ಕೆಲಸ ಅಲ್ಲ. ಮತ್ತೆ ಆಟ ಮಾಡುದು ಕೆಲಸವಾ?" ಎಂದರು ಶೇಷಪ್ಪ.

"ಒಂದು ಸಲ ಬಂದು ನೋಡಿ ಅಪ್ಪ. ನೋಡಿದ ಮೇಲೂ ಬೇಡ ಅಂದ್ರೆ ಸೊಸೈಟಿಗೆ ಹೋಗ್ತೇನೆ. ಮಾತೆತ್ತುದಿಲ್ಲ."

ಮಾತು ಆಡಿಬಿಟ್ಟ ಮೇಲೆ ಅವಳಿಗೇ ಭಯವಾಯಿತು. ಆ ಕೋಣೆ ಬಿಟ್ಟು ಬೇರೆ ಎಲ್ಲಿಯೂ ತಾನು ಸುಖವಾಗಿ ಇರಲಾರೆ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಭಾನುವಾರ ಅಪ್ಪ ಮಗಳು ಹೊರಟರು. ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಆದರೂ ಶೇಷಪ್ಪ ವೇಣೂರಿನ ತನಕ ಕಂಬ ಹಿಡಿದು ನಿಂತೇ ಬಂದರು. ಕೂತು ಅಭ್ಯಾಸವಿಲ್ಲ ಎಂಬುದು ಅವರ ಸಬೂಬು, ಮೊಣಕಾಲಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಬಾಸಿತ್ ಹೊಸ ಅಂಗಿ ಹಾಕಿಕೊಂಡು ಕಾದಿದ್ದರು. ಆಟ ಶುರುವಾಯಿತು. ಪರದೆಯ ಮೇಲಿನ ಬಲ ಮೂಲೆಯಿಂದ ಬಸ್ಸು ಕೆಳಗೆ ಎಡಕ್ಕೆ ಇಳಿದು ಬಂತು. ಬಾಗಿಲಿನಲ್ಲಿ ಒಂದು ಪುಟ್ಟ ಆಳು. ಖಾಕಿ ಅಂಗಿಗೆ ಆರು ಚುಕ್ಕಿ, ನರೆತ ತಲೆಗೆ ಎರಡು, ಎತ್ತಿದ ಕೈಗೆ ಮೂರು.

"ಇದು ಯಾರು?" ಎಂದು ಕೇಳಿದರು ಶೇಷಪ್ಪ.

"ನೀವೇ."

ಶೇಷಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಗೆದ್ದೆ ಅಂದುಕೊಂಡಳು ದೀಕ್ಷಿತಾ. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತು, ಬೇರೆ ರಸ್ತೆ ಹಿಡಿದು, ಕೆಳಗೆ ಬಲಕ್ಕೆ ಹೊರಟಿತು. ಶೇಷಪ್ಪನ ಬೆರಳು ಪರದೆಗೆ ಕುಟ್ಟಿತು.

"ಬಾಗಿಲು ಡ್ರೈವರ್ ಬದಿಗೆ ಹೇಗೆ ಬಂತು?"

ಒಂದು ಕಡೆಗೆ ಹೋಗುವ ಬಸ್ಸು ಬರೆದು, ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದರೆ ಇನ್ನೊಂದು ಕಡೆಗೆ ಹೋಗುವ ಬಸ್ಸು ತಯಾರು, ಅರ್ಧ ಕೆಲಸ ಉಳಿತಾಯ. ಈ ಉಪಾಯ ಹೇಳಿಕೊಟ್ಟವರು ಬಾಸಿತ್, ಹಿಗ್ಗಿ ಮಾಡಿದವಳು ದೀಕ್ಷಿತಾ. ಮಗುಚಿದಾಗ ಎಡಬದಿಯ ಬಾಗಿಲು ಬಲಬದಿಗೆ ಹೋಗಿ ಕೂತಿತ್ತು. ಇಬ್ಬರೂ ದಿನಬೆಳಗಾದರೆ ಬಸ್ಸಿನಲ್ಲಿ ಓಡಾಡುವವರೇ, ಆದರೂ ಒಬ್ಬರಿಗೂ ಹೊಳೆದಿರಲಿಲ್ಲ. ಬುದ್ಧಿವಂತರ ಕತೆ ಹೀಗೆಯೇ.

"ಜನ ರಸ್ತೆಯ ಮಧ್ಯಕ್ಕೆ ಇಳಿಯುದಾ? ಹಿಂದಿನಿಂದ ಲಾರಿ ಬಂದ್ರೆ?" ಶೇಷಪ್ಪ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ಇಪ್ಪತ್ತಾರು ವರ್ಷದಲ್ಲಿ ನಾನು ಒಬ್ಬರನ್ನೂ ಹಾಗೆ ಇಳಿಸಲಿಲ್ಲ. ನನ್ನನ್ನೇ ಅಲ್ಲಿ ನಿಲ್ಲಿಸಿದ್ದೀ!"

ಎದ್ದು ಹೊರಗೆ ನಡೆದೇಬಿಟ್ಟರು. ದೀಕ್ಷಿತಾ ಕಂಪ್ಯೂಟರ್ ಆಫ್ ಮಾಡಿದಳು. ಸೊಸೈಟಿಯ ಕುರ್ಚಿ ಕಣ್ಣೆದುರು ಬಂದು ನಿಂತಿತು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಶೇಷಪ್ಪ ಪ್ಯಾಂಟು ಹಾಕಿ ತಯಾರಾಗಿದ್ದರು. "ಪುಸ್ತಕ ಪೆನ್ಸಿಲು ತೆಗೆದುಕೋ. ಬಸ್‌ಸ್ಟ್ಯಾಂಡಿಗೆ ಹೋಗುವ."

ಅಲ್ಲಿ ನಿಂತಿದ್ದ ಬಸ್ಸಿನ ಬಲಬದಿಗೆ ಅವಳನ್ನು ಕರೆದುಕೊಂಡು ಹೋದರು. "ಈ ಬದಿಯನ್ನು ಯಾರೂ ಸರಿಯಾಗಿ ನೋಡುದಿಲ್ಲ. ಹತ್ತುವವರೆಲ್ಲ ಆಚೆ ಬದಿಯವರು. ಬರೆ. ಡ್ರೈವರಿನ ಸಣ್ಣ ಬಾಗಿಲು. ಡೀಸೆಲ್ ಟ್ಯಾಂಕಿನ ಮುಚ್ಚಳ. ಕಿಟಕಿಯ ಕೆಳಗೆ ವಾಂತಿಯ ಕಲೆ, ಅದು ಬೇಡ, ಬಿಡು." ಬಿಸಿಲು ಏರಿತು. ಡ್ರೈವರು ಹಾರ್ನ್ ಹಾಕಿದರೂ ಶೇಷಪ್ಪ "ಎರಡು ನಿಮಿಷ ಮಾರಾಯ" ಎಂದು ಕೈ ಅಡ್ಡ ಹಿಡಿದರು. ಬಸ್ಸಿನ ಪಕ್ಕದಲ್ಲಿ ಅಪ್ಪನ ಬೆನ್ನು ನೆಟ್ಟಗಾಗುವುದನ್ನು ದೀಕ್ಷಿತಾ ನೋಡಿದಳು. ಅವರ ಮೇಲೆ ಅವಳಿಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಆದರೆ ಸೊಸೈಟಿಯ ಮಾತನ್ನು ಅವರೂ ಎತ್ತಲಿಲ್ಲ, ಅವಳಿಗೂ ಕೇಳುವ ಧೈರ್ಯ ಬರಲಿಲ್ಲ.

ಹೊಸ ಬಸ್ಸು ನಾಲ್ಕು ದಿನಕ್ಕೆ ಮುಗಿಯಿತು. ಒಂದನೇ ತಾರೀಕಿಗೆ ಇನ್ನು ಎರಡೇ ದಿನ. ಶೇಷಪ್ಪ ಪುನಃ ಬಂದು ಅದೇ ಕುರ್ಚಿಯಲ್ಲಿ ಕೂತರು. ಎಡಕ್ಕೆ ಹೋಗುವ ಬಸ್ಸು ಮೊದಲಿನ ಹಾಗೆಯೇ ಹೋಯಿತು. ಬಲಕ್ಕೆ ಬರುವ ಬಸ್ಸಿನಲ್ಲಿ ಸಣ್ಣ ಬಾಗಿಲು ಉಂಟು, ಟ್ಯಾಂಕಿನ ಮುಚ್ಚಳ ಉಂಟು, ಎಲ್ಲವೂ ಉಂಟು. ಆದರೆ ಜನ ಹತ್ತುವ ಬಾಗಿಲು ಆಚೆ ಬದಿಗೆ ಹೋದದ್ದರಿಂದ ಅಲ್ಲಿ ನಿಂತ ಕಂಡಕ್ಟರು ಮಾತ್ರ ಇಲ್ಲ.

"ಬರುವಾಗ ನೀವು ಕಾಣುದಿಲ್ಲ ಅಪ್ಪ," ಎಂದಳು ದೀಕ್ಷಿತಾ. "ಬೇಕಾದ್ರೆ ಕಿಟಕಿಯಲ್ಲಿ ಕೂರಿಸ್ತೇನೆ."

"ಬಸ್ಸು ಹೋಗ್ತಾ ಇರುವಾಗ ಕಂಡಕ್ಟರ್ ಕಿಟಕಿಯಲ್ಲಿ ಕೂರುದಾ? ನಾಚಿಕೆ ಆಗುದಿಲ್ವಾ ನನಗೆ?" ಶೇಷಪ್ಪ ಮಗಳ ತಲೆಯ ಮೇಲೆ ಕೈ ಇಟ್ಟರು. "ಕಾಣದಿದ್ರೆ ಎಂತ ಆಯ್ತು? ನಾನು ಆಚೆ ಬದಿಯಲ್ಲಿ ಬಾಗಿಲಲ್ಲೇ ಇದ್ದೇನಲ್ಲ. ನೀನು ಮುಂದೆ ನೋಡಿಕೊಂಡು ಬಸ್ಸು ಬಿಡು. ಸೊಸೈಟಿಯವರಿಗೆ ನಾನು ಹೇಳ್ತೇನೆ, ಬೇರೆ ಯಾರನ್ನಾದ್ರೂ ನೋಡಿಕೊಳ್ಳಲಿ ಅಂತ."

ದೀಕ್ಷಿತಾಳಿಗೆ ಪರದೆ ಮಸುಕಾಯಿತು. ಬಾಸಿತ್ ಚಾ ತರುವ ನೆಪ ಹೇಳಿ ಹೊರಗೆ ಹೋದರು.

"ಇನ್ನೊಮ್ಮೆ ಬಿಡು, ನೋಡುವ," ಎಂದರು ಶೇಷಪ್ಪ.

ಅವಳು ಕಣ್ಣೊರೆಸಿಕೊಂಡು ಬಟನ್ ಒತ್ತಿದಳು. ಬಸ್ಸು ಬಲಕ್ಕೆ ಬಂತು. ಶೇಷಪ್ಪ ಮೆಲ್ಲಗೆ ಕುತ್ತಿಗೆ ಓರೆ ಮಾಡಿ, ಬಸ್ಸಿನ ಆಚೆ ಬದಿ ಕಾಣುತ್ತದೋ ಎಂದು ಪರದೆಯ ಪಕ್ಕಕ್ಕೆ ಬಗ್ಗಿ ನೋಡಿದರು.