ದೇಶಕರ ಸಾಹೇಬರು ಬರೆಸಿದ ಇತಿಹಾಸ

ಇಸ್ತ್ರಿ ಮುರಿಯದಂತೆ ಖಾಕಿ ಚಡ್ಡಿಯಲ್ಲಿ ಕೂರುವುದು ಹೇಗೆಂದು ವಾಮನರಾವ್ ದೇಶಕರರಿಗೆ ಗೊತ್ತಿತ್ತು. ಸ್ಕೌಟ್ ವಿದ್ಯೆಯಲ್ಲಿ ಅವರು ಕಲಿತದ್ದು ಅಷ್ಟೇ. ಇಪ್ಪತ್ತು ವರ್ಷದಿಂದ ವೈನಗಂಗಾ ಬಾಲಚರ ಸಂಘದಲ್ಲಿದ್ದರು, ಮೊದಲು ಕಾರ್ಯದರ್ಶಿ, ಆಮೇಲೆ ಕಮಿಷನರ್. ಅವರು ಹಗ್ಗಕ್ಕೆ ಒಂದು ಗಂಟು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಬಿಳಿ ಗವರ್ನರನಿಗೆ ಸಲಾಮು ಹೊಡೆದ ಕೈಯಲ್ಲೇ ನಲವತ್ತೇಳರಲ್ಲಿ ಬಾವುಟ ಏರಿಸಿ, ಎರಡು ಸಲವೂ ಫೋಟೋ ತೆಗೆಸಿಕೊಂಡಿದ್ದರು.

ಐವತ್ತಾರರ ನವೆಂಬರಿನಲ್ಲಿ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತು. ಸಂಘವೂ ಎರಡಾಯಿತು. ಬಾಲಾಘಾಟ, ಸಿವನಿಯ ದಳಗಳು ಮಧ್ಯಪ್ರದೇಶದ ಪಾಲಿಗೆ ಹೋದವು. ಹಳೆಯ ಕಾಗದಪತ್ರಗಳನ್ನೂ ಅವರ ಕಚೇರಿಯಿದ್ದ ಜಬಲ್ಪುರಕ್ಕೆ ಕಳಿಸಬೇಕೆಂದು ತೀರ್ಮಾನವಾಯಿತು. ಅರ್ಧ ಸಂಘ ಕೈಬಿಟ್ಟು ಹೋದ ಮೇಲೆ ಸಾಹೇಬರಿಗೆ ಒಂದು ಇತಿಹಾಸದ ಪುಸ್ತಕ ಬೇಕೆನ್ನಿಸಿತು.

ಬರೆಯುವ ಕೆಲಸ ಸತ್ಯಭಾಮಾಬಾಯಿಯ ಪಾಲಿಗೆ ಬಂತು. ಆಕೆ ಧಾರವಾಡದವಳು. ಗಂಡ ಲಕ್ಷ್ಮೀಕಾಂತ ತಾರು ಕಚೇರಿಯಲ್ಲಿದ್ದ. ಆಕೆ ಧರಮಪೇಠದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತ ಅಲ್ಲಿನ ಗೈಡ್ ದಳ ನೋಡಿಕೊಳ್ಳುತ್ತಿದ್ದಳು. ಮರಾಠಿ ಚೆನ್ನಾಗಿ ಬರೆಯುತ್ತಾಳೆ, ಪರವೂರಿನ ಹೆಂಗಸು, ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ ಎಂದು ಸಾಹೇಬರ ಲೆಕ್ಕ.

ಮೂರು ಸಂಜೆ ಬಂಗಲೆಯ ವರಾಂಡಾದಲ್ಲಿ ಅವರು ಹೇಳಿದರು, ಆಕೆ ಬರೆದುಕೊಂಡಳು. ಮಾತು ನಲವತ್ತೆರಡರ ಚಳವಳಿಗೆ ಬಂದಾಗ ಸಾಹೇಬರ ದನಿ ದಪ್ಪವಾಯಿತು. ನಮ್ಮ ಬಾಲಚರರು ದೇಶಕ್ಕಾಗಿ ಮುಂಚೂಣಿಯಲ್ಲಿ ನಿಂತರು ಎಂದರು. ಯಾವ ದಳ, ಯಾರು ಯಾರು ಎಂದು ಆಕೆ ಕೇಳಿದಳು. ಹೆಸರುಗಳಿಂದ ಪುಸ್ತಕ ಭಾರವಾಗುತ್ತದೆ ಎಂದು ಸಾಹೇಬರು ಚಹಾ ಹೀರಿದರು.

ಹೆಸರು ಹುಡುಕಲೆಂದು ಆಕೆ ಜಬಲ್ಪುರಕ್ಕೆ ಹೊರಟಿದ್ದ ಪೆಟ್ಟಿಗೆಗಳನ್ನು ತೆಗೆಸಿದಳು. ನಲವತ್ತೆರಡರ ಠರಾವು ಪುಸ್ತಕದಲ್ಲಿ ಆಗಸ್ಟ್ ತಿಂಗಳ ಹಾಳೆ ಸಿಕ್ಕಿತು. 'ಗಲಭೆಕೋರರಿಗೆ ನೆರವು ನೀಡಿದ ಕಾರಣ ಅಜನಿ ರೈಲ್ವೆ ದಳದ ಸ್ಕೌಟ್ ಮಾಸ್ತರ ಶಂಕರಪ್ಪ ಹಾಗೂ ಹನ್ನೊಂದು ಬಾಲಚರರನ್ನು ಸಂಘದಿಂದ ತೆಗೆದುಹಾಕಲಾಗಿದೆ.' ಕೆಳಗೆ ಹನ್ನೊಂದು ಹೆಸರು, ಅದರ ಕೆಳಗೆ ಕಾರ್ಯದರ್ಶಿ ದೇಶಕರರ ಸಹಿ. ಸಹಿಗೆ ಮಾತ್ರ ಕೆಳಗೊಂದು ಸೊಗಸಾದ ಗೆರೆ ಎಳೆದಿತ್ತು.

ಆ ರವಿವಾರವೇ ಸತ್ಯಭಾಮಾ ಅಜನಿಗೆ ಹೋದಳು. ಶಂಕರಪ್ಪ ಹುಬ್ಬಳ್ಳಿ ಕಡೆಯವನು, ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಕನ್ನಡ ಕೇಳಿದ್ದೇ ಒಳಗೆ ಕರೆದು ಕೂಡ್ರಿಸಿದ. ನಡೆದದ್ದನ್ನು ಸುಮ್ಮನೆ ಹೇಳಿದ. ಬಜಾರಿನಲ್ಲಿ ಗೋಲಿಬಾರ್ ಆಯಿತು. ಗಾಯಗೊಂಡವರು ದಾರಿಯಲ್ಲಿ ಬಿದ್ದಿದ್ದರು. ಹುಡುಗರು ತಮ್ಮ ಅಂಗಿ ಬಿಚ್ಚಿ, ಅದರ ತೋಳುಗಳಲ್ಲಿ ಎರಡೆರಡು ಕೋಲು ತೂರಿಸಿ ಸ್ಟ್ರೆಚರ್ ಮಾಡಿದರು. ಏಳು ಜನರನ್ನು ಆಸ್ಪತ್ರೆಗೆ ಹೊತ್ತರು. ಮರುವಾರ ಮೈದಾನದಲ್ಲಿ ಎಲ್ಲ ದಳಗಳನ್ನೂ ಸಾಲಾಗಿ ನಿಲ್ಲಿಸಿ, ದೇಶಕರರು ಹನ್ನೆರಡು ಜನರ ಕೊರಳ ಸ್ಕಾರ್ಫ್ ಬಿಚ್ಚಿಸಿದರು.

"ಪುಸ್ತಕದಾಗ ನನ್ನ ದೊಡ್ಡಾಂವ ಮಾಡಬ್ಯಾಡ್ರಿ ಬಾಯಾರ," ಎಂದ ಶಂಕರಪ್ಪ. "ಹೊತ್ತಾವ್ರು ಆ ಹುಡುಗರು. ಅವರ ಹೆಸರ ಹಾಕ್ರಿ, ಸಾಕು."

ಆಕೆ ಹಾಗೆಯೇ ಬರೆದು ಕೊಟ್ಟಳು. ಸಾಹೇಬರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದಳು. ಅವರು ಸಿಟ್ಟಾಗಲಿಲ್ಲ, ಹಿಗ್ಗಿದರು. ಅಂಗಿಯ ಸ್ಟ್ರೆಚರ್ ಅವರಿಗೆ ಬಹಳ ಹಿಡಿಸಿತು. ಕೆಂಪು ಪೆನ್ಸಿಲ್ ತೆಗೆದುಕೊಂಡು ಹನ್ನೊಂದು ಹೆಸರು ಹೊಡೆದುಹಾಕಿದರು, ಶಂಕರಪ್ಪನನ್ನು ಹೊಡೆದುಹಾಕಿದರು, ತೆಗೆದುಹಾಕಿದ ಸಂಗತಿಯನ್ನೂ ಹೊಡೆದುಹಾಕಿದರು. ಮೇಲೆ ಹೊಸ ಸಾಲು ಸೇರಿಸಿದರು: ಕಾರ್ಯದರ್ಶಿ ಶ್ರೀ ದೇಶಕರರ ಆಜ್ಞೆಯಂತೆ ಬಾಲಚರರು ಗಾಯಾಳುಗಳನ್ನು ಹೊತ್ತರು.

ಸತ್ಯಭಾಮಾ ಆ ಸಾಲನ್ನು ಎರಡು ಸಲ ಓದಿದಳು. ಕಳ್ಳತನವನ್ನು ಆಕೆ ಕಂಡಿದ್ದಳು. ತಾನೇ ಒದ್ದು ಹೊರಹಾಕಿದವರ ಪುಣ್ಯವನ್ನೇ ಕದಿಯುವವನನ್ನು ಕಂಡಿರಲಿಲ್ಲ. ಆಮೇಲೆ, ಇದು ಸುಳ್ಳು ಎಂದಳು.

"ಇತಿಹಾಸ ಸಂಘದ್ದು ಬಾಯಿ, ನಿಮ್ಮದಲ್ಲ," ಎಂದರು ಸಾಹೇಬರು, ಪ್ರೀತಿಯಿಂದಲೇ.

"ಹಾಗಾದರೆ ನನ್ನ ಹೆಸರು ಅದರ ಮೇಲೆ ಬೇಡ. ನಿಮ್ಮ ಪಕ್ಕದಲ್ಲಿ ನಿಲ್ಲುವುದಕ್ಕೆ ಅದಕ್ಕೆ ನಾಚಿಕೆಯಾಗುತ್ತದೆ."

ಗೈಡ್ ದಳವನ್ನು ಇನ್ನೊಬ್ಬ ಶಿಕ್ಷಕಿಗೆ ಒಪ್ಪಿಸಿ ಆಕೆ ಸಂಘ ಬಿಟ್ಟಳು. ದೊಡ್ಡವರ ಜೊತೆ ಯಾಕೆ ವೈರ ಎಂದು ಲಕ್ಷ್ಮೀಕಾಂತ ಎರಡು ದಿನ ಗೊಣಗಿದ. ಮೂರನೆಯ ದಿನ ಆಕೆ ಮನೆಗೆ ತಂದಿದ್ದ ಕೆಂಪು ಗೆರೆಯ ಹಾಳೆ ಓದಿ ಗೊಣಗುವುದನ್ನು ಬಿಟ್ಟ.

ಪುಸ್ತಕ ಅಚ್ಚಾಗಿ ಹಾರ ತುರಾಯಿಗಳ ನಡುವೆ ಬಿಡುಗಡೆಯಾಯಿತು. ಆಮೇಲೆ ಸಾಹೇಬರಿಗೆ ಠರಾವು ಪುಸ್ತಕದ ನೆನಪಾಯಿತು. ಅದು ಆಗಲೇ ಪೆಟ್ಟಿಗೆಯೊಳಗೆ ಜಬಲ್ಪುರ ಸೇರಿತ್ತು. ನಲವತ್ತೆರಡರ ಪುಸ್ತಕವೊಂದನ್ನು ಕೂಡಲೇ ಹಿಂದಿರುಗಿಸಿ ಎಂದು ಒಂದೇ ತಿಂಗಳಲ್ಲಿ ಮೂರು ಪತ್ರ ಬರೆದರು. ಅಲ್ಲಿಯವರೆಗೆ ಜಬಲ್ಪುರದಲ್ಲಿ ಆ ಪೆಟ್ಟಿಗೆಗಳನ್ನು ಯಾರೂ ಮುಟ್ಟಿರಲಿಲ್ಲ. ಮೂರು ಪತ್ರ ಬಂದ ಮೇಲೆ ಅಲ್ಲಿನ ಕಾರ್ಯದರ್ಶಿ ನರಹರಿ ತಿವಾರಿಗೆ ಕುತೂಹಲ ಹುಟ್ಟಿತು. ಠರಾವನ್ನು ಓದಿದ, ಅಚ್ಚಾದ ಇತಿಹಾಸವನ್ನೂ ಓದಿದ. ಠರಾವಿನ ಪ್ರತಿ ಮಾಡಿಸಿ ಎರಡೂ ರಾಜ್ಯಗಳ ಎಲ್ಲ ದಳಗಳಿಗೆ ಕಳಿಸಿ, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ವಿನಯದಿಂದ ಕೇಳಿದ.

ಅಂಥವರಿಗೆ ದೊಡ್ಡದೇನೂ ಆಗುವುದಿಲ್ಲ. ಮುದ್ರಣದೋಷ ಎಂದರು ಸಾಹೇಬರು. ಕಮಿಷನರ್ ಆಗಿಯೇ ಉಳಿದರು. ಆದರೆ ಮುಂದಿನ ಮೇಳದಲ್ಲಿ ಅವರು ಸಲಾಮಿಗೆ ಕೈ ಎತ್ತಿದಾಗ ಭಂಡಾರಾ ದಳದ ಮಾಸ್ತರರು ಹಗ್ಗ ಸುತ್ತುತ್ತ ನಿಂತರು, ವರ್ಧಾದವರು ಬೂಟಿನ ಲೇಸು ಕಟ್ಟಲು ಬಗ್ಗಿದರು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸಾಹೇಬರು ಟೋಪಿ ಸರಿಮಾಡಿಕೊಂಡರು.

ಸತ್ಯಭಾಮಾ ಆ ಮೇಳಕ್ಕೆ ಹೋಗಿರಲಿಲ್ಲ. ರವಿವಾರಗಳಂದು ಅಜನಿಯ ಮೈದಾನದಲ್ಲಿ ಆಕೆ, ಶಂಕರಪ್ಪ ಸೇರಿ ಕೂಲಿಕಾರರ ಹೆಂಗಸರಿಗೆ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸತೊಡಗಿದ್ದರು. ಅದಕ್ಕೆ ಹೆಸರಿಡೋಣವೇ ಎಂದು ಯಾರೋ ಕೇಳಿದಾಗ ಶಂಕರಪ್ಪ ಬ್ಯಾಡ ಎಂದ. ಹೆಸರಿಟ್ಟರೆ ಕಮಿಷನರ್ ಒಬ್ಬ ಬರುತ್ತಾನೆ ಎಂದ.