ಹಣಮಂತರಾಯರು ಬಿಡಿಸಿದ ಗುಳಿಗೆ

ತೆಲುಗು ಸೀಮೆಯ ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹದ ತುಂಡುಗಳಿಗೆ ಲೇಪ ಹಾಕಿಸಿದವರು ಹಣಮಂತರಾಯರು. ಅವರ ಕೈ ದಾಟಿದ ತುಂಡಿಗೆ ತುಕ್ಕು ಹಿಡಿಯದು ಎಂಬ ಹೆಸರು. ನಿವೃತ್ತರಾದರೂ ಆ ಹೆಮ್ಮೆ ಇಳಿದಿರಲಿಲ್ಲ.

ಅವರ ಕೈಕೆಳಗೆ ಕೆಲಸ ಕಲಿತ ವೈಜನಾಥನಿಗೆ ಎದೆನೋವು ಬಂದು, ಹೃದಯದ ನಾಳದೊಳಗೆ ಔಷಧಿ ಲೇಪದ ಸ್ಟೆಂಟ್ ಎಂಬ ಸಣ್ಣ ಲೋಹದ ಜಾಲರಿ ಕೊಳವೆ ಹಾಕಿದರು. ವರ್ಷದ ತನಕ ದಿನಾ ಎರಡು ಗುಳಿಗೆ, ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ತೆಲುಗಿನಲ್ಲಿ ಒತ್ತಿ ಹೇಳಿದ್ದರು. ಆದರೆ ಗಡ್ಡ ಹೆರೆಯುವಾಗ ಗಾಯವಾದರೆ ರಕ್ತ ಬೇಗ ನಿಲ್ಲದು, ಮೈಮೇಲೆ ಅಲ್ಲಲ್ಲಿ ಕಂದುಗಲೆ. ಬೇಸತ್ತು, ಗುಳಿಗೆ ಬಿಡಲೇ ಎಂದು ರಾಯರನ್ನು ಕೇಳಿದ.

"ಲೇಪ ಛಲೋ ಇದ್ರ ಗುಳಿಗಿ ಯಾಕಲೇ? ನಾವು ಲೇಪ ಹಾಕಿದ ತುಂಡಿಗೆ ದಿನಾ ಎಣ್ಣಿ ಹಚ್ಚತಿದ್ವೇನು?"

ಗುರುಗಳ ಮಾತು. ವೈಜನಾಥ ಮೂರನೆಯ ತಿಂಗಳಿಗೇ ಗುಳಿಗೆ ಬಿಟ್ಟ. ಬಿಟ್ಟ ಹನ್ನೊಂದನೆಯ ದಿನ ಬಚ್ಚಲಲ್ಲಿ ಕುಸಿದ.

ಆಸ್ಪತ್ರೆಯ ಬೆಂಚಿನ ಮೇಲೆ ರಾಯರು ತಲೆ ತಗ್ಗಿಸಿ ಕೂತರು. ಗುಳಿಗೆ ಬಿಡಿಸಿದವರು ಅವರೇ ಎಂದು ತಿಳಿಯದ ವೈಜನಾಥನ ಹೆಂಡತಿ ಸಾವಿತ್ರಿ ಅವರಿಗೇ ಚಹಾ ತಂದುಕೊಟ್ಟಳು. ಲೋಟ ಹಿಡಿದುಕೊಂಡೇ ಕೂತರು. ದಿನಾ ಬಾಯಿಪಾಠ ಹೇಳುವ ಸ್ತೋತ್ರ ಅರ್ಧಕ್ಕೇ ನಿಂತಿತು.

ಬೀದರಿನ ನರ್ಸ್ ಕಮಲಾಕ್ಷಿ ಸಾವಿತ್ರಿಗೆ ಬಿಡಿಸಿ ಹೇಳುತ್ತಿದ್ದಳು. ನಾಳದೊಳಗೆ ಮಾಂಸ ಬೆಳೆದು ದಾರಿ ಮತ್ತೆ ಕಟ್ಟದಿರಲೆಂದು ಲೇಪದಿಂದ ಔಷಧಿ ನಿಧಾನವಾಗಿ ಒಸರುತ್ತದೆ. ಅದರಿಂದಲೇ ನಾಳದ ಸ್ವಂತ ತೆಳುಪೊರೆ ಸ್ಟೆಂಟಿನ ಮೇಲೆ ಹಬ್ಬುವುದೂ ತಡ. ಅಲ್ಲಿಯವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದೇ ಗುಳಿಗೆ. ಅದನ್ನು ಬಿಟ್ಟದ್ದಕ್ಕೇ ವೈಜನಾಥನ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತ್ತು.

"ಕಾರ್ಖಾನ್ಯಾಗಿನ ತುಂಡು ಸುಮ್ಮನ ಕೂತಿರತೈತಿ ಅಕ್ಕಾರ. ಇಲ್ಲೆ ರಕ್ತ ಹರಿಯಾಕತ್ತಿರತೈತಿ. ಗುಳಿಗಿ ಬಿಡು ಅಂದ ಜಾಣ ಯಾರಂತರಿ?"

ಸಾವಿತ್ರಿಗೆ ಗೊತ್ತಿರಲಿಲ್ಲ. ರಾಯರು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಚಹಾದ ಲೋಟ ಕೆಳಗಿಟ್ಟರು.

"ನಾನ, ತಂಗಿ. ನನಗ ತಿಳೀತೈತಿ ಅಂದ್ಕೊಂಡಿದ್ದೆ."

ಸಾವಿತ್ರಿ ಬೈಯಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು.

ವೈಜನಾಥ ಉಳಿದ. ಈಗ ರಾಯರು ದಿನಾ ಬೆಳಿಗ್ಗೆ ಅವನ ಮನೆಗೆ ಹೋಗಿ, ಗುಳಿಗೆ ನುಂಗಿದ್ದನ್ನು ಕಣ್ಣಾರೆ ನೋಡಿ ಬರುತ್ತಾರೆ. ಸಾವಿತ್ರಿ ನೀರು ತಂದಿಡುತ್ತಾಳೆ. "ಅಣ್ಣಾರ" ಅಂತ ಮಾತ್ರ ಮೊದಲಿನಂತೆ ಇನ್ನೂ ಕರೆದಿಲ್ಲ.

ಸ್ಟೆಂಟ್ ಹಾಕಿಸಿಕೊಂಡವರೇ, ರಕ್ತ ಸೋರಿದರೂ, ಹಲ್ಲು ಕೀಳಿಸಬೇಕೆಂದರೂ, ಉಪವಾಸವಿದ್ದರೂ, ನಿಮ್ಮ ಹೃದಯದ ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ. ಮತ್ತು ನೀವು ಎಷ್ಟೇ ಬಲ್ಲವರಿರಿ, ಇನ್ನೊಬ್ಬರ ಗುಳಿಗೆ ಬಿಡಿಸಬೇಡಿ.